ಮುಳ್ಳಿರುವ ಮೀನು

ನನ್ನ ಗಂಟಲು ಸಣ್ಣದು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಇನ್ನೂ ತೊದಲು ಮಾತಾಡುವ ವಯಸ್ಸಿನಲ್ಲಿ ಮೀನಿನ ಮುಳ್ಳೊಂದು ಸಿಕ್ಕಿಕೊಂಡು ನನ್ನ ಉಸಿರು ನಿಂತಿತ್ತಂತೆ. ಯಾರೋ ತಲೆಕೆಳಗು ಹಿಡಿದು ಬೆನ್ನಿಗೆ ಗುದ್ದಿದಾಗ ಮುಳ್ಳು ಹೊರಬಂದು ಉಸಿರು ಒಳಗೆ ಹೋಯಿತಂತೆ. ನನಗೆ ಅದರ ನೆನಪು ಚೂರೂ ಇಲ್ಲ. ಆದರೆ ಅಮ್ಮ ಆ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ, ಕೊನೆಗೆ ಗ್ಯಾಸ್ ಸಿಲಿಂಡರ್ ತರುವವನಿಗೂ ನನ್ನ ಗಂಟಲಿನ ಅಳತೆ ಬಾಯಿಪಾಠವಾಗಿತ್ತು. ಅಂದಿನಿಂದ ನಮ್ಮ ಮನೆಗೆ ಮೀನು ಬಂದರೆ ಡಬ್ಬಿಯಲ್ಲಿ ಬರುತ್ತಿತ್ತು, ಇಲ್ಲವೇ ತಲೆ, ಬಾಲ, ಚರ್ಮ, ಮುಳ್ಳು ಒಂದೂ ಇಲ್ಲದ ಬಿಳಿ ತುಂಡಾಗಿ, ಮಂಜು ಹಿಡಿದ ಪೊಟ್ಟಣದಲ್ಲಿ ಬರುತ್ತಿತ್ತು. ಆ ತುಂಡನ್ನೂ ಅಮ್ಮ ಬೆರಳಿನಿಂದ ಹಿಸುಕಿ ನೋಡಿದ ಮೇಲೇ ನನ್ನ ತಟ್ಟೆಗೆ ಹಾಕುತ್ತಿದ್ದಳು.

ಮೀನಿನ ಮಟ್ಟಿಗೆ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಸೈಕಲ್ ಕಲಿಯಬೇಕು ಎಂದಾಗ "ಅವಳಿಗೆ ಆಗಲ್ಲ ಬಿಡು" ಎಂದರು. ಈಜು ಕಲಿಯುತ್ತೇನೆ ಎಂದಾಗಲೂ ಅದೇ ಮಾತು. ನೋಡಲು ಬಂದ ಒಬ್ಬ ಗಂಡು ನನಗೂ ಹಿಡಿಸಿದ್ದ. ಅವನದು ದೂರದ ಊರು ಎಂದು ಗೊತ್ತಾದಾಗ ಆ ಮಾತು ಮತ್ತೆ ಬಂತು. ಗಂಟಲಿಗೂ ಸೈಕಲ್ಲಿಗೂ ಏನು ಸಂಬಂಧ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ನನಗೆ ಐವತ್ತು ಹತ್ತಿರ ಬಂದಿದ್ದರೂ ಅಣ್ಣ ಇವತ್ತಿಗೂ ಪುಟ್ಟಿ ಎಂದೇ ಕರೆಯುತ್ತಾನೆ.

ಈ ಪುಟ್ಟಿ ಮಾಡುವ ಕೆಲಸ ಏನೆಂದರೆ ಹಲ್ಲು ಕಟ್ಟುವುದು. ನಾನು ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ, ನಾವು ಅದರ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತೇವೆ. ಕಿಟಕಿ ಪಕ್ಕದ ಮೇಜು ನನ್ನದು. ಕಷ್ಟದ ಬಾಯಿಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಇಷ್ಟು ವರ್ಷದಲ್ಲಿ ಎಷ್ಟೋ ಬಾಯಿಗಳ ಅಂಗುಳ ನನ್ನ ಕೈಯಲ್ಲಿ ಹಾದುಹೋಗಿದೆ. ಗಂಟಲು ಸಣ್ಣದು ಎಂಬ ಕಾಯಿಲೆ ಲೋಕದಲ್ಲಿ ಇಲ್ಲ ಎಂದು ನನಗೆ ಯಾವತ್ತೋ ಗೊತ್ತಾಗಿತ್ತು. ಅಮ್ಮನ ಎದುರು ಹೇಳಲಿಲ್ಲ, ಅಷ್ಟೇ. ಅವಳು ಮುಳ್ಳು ಹುಡುಕುವಾಗ ಅವಳ ಮುಖ ನೋಡಿದರೆ ಹೇಳಲು ಬಾಯಿ ಬರುತ್ತಿರಲಿಲ್ಲ.

ಈ ವರ್ಷ ಅಮ್ಮ ಹೋದಳು. ಕಣ್ಣೀರು ಇನ್ನೂ ಆರಿರಲಿಲ್ಲ, ಅಷ್ಟರಲ್ಲೇ ಅಣ್ಣ ನನ್ನ ವ್ಯವಸ್ಥೆ ಮಾಡಿ ಮುಗಿಸಿದ್ದ. ತನ್ನ ಮನೆಯ ಮಹಡಿ ಮೇಲಿನ ಕೋಣೆ ಖಾಲಿ ಮಾಡಿಸಿದ್ದ. ನಾನೂ ಅಮ್ಮನೂ ಇದ್ದ ಬಾಡಿಗೆ ಮನೆಯನ್ನು ತಿಂಗಳ ಕೊನೆಗೆ ಬಿಡುತ್ತೇವೆ ಎಂದು ಮಾಲೀಕರಿಗೆ ಹೇಳಿಬಿಟ್ಟಿದ್ದ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಲ್ಯಾಬಿಗೆ ಹೇಗೆ ಬರಲಿ, ಅವನ ಮನೆ ಊರಿನ ಆ ತುದಿಯಲ್ಲಿದೆ ಎಂದರೆ, ಇನ್ನು ಕೆಲಸ ಯಾಕೆ, ಸಾಕು ಬಿಡು ಎಂದ. ಅತ್ತಿಗೆ ಪರದೆಯ ಬಣ್ಣ ಯಾವುದು ಬೇಕು ಎಂದು ಕೇಳಿದರು. ನಾನು ಎಲ್ಲಿಗೂ ಬರುವುದಿಲ್ಲ, ಇಲ್ಲೇ ಒಬ್ಬಳೇ ಇರುತ್ತೇನೆ ಎಂದು ಹೇಳಿದೆ. ಅಣ್ಣ ನಕ್ಕ. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ನನಗೆ ಉರಿದದ್ದು.

"ಒಂದು ಮೀನು ನೆಟ್ಟಗೆ ತಿನ್ನೋಕೆ ಬರಲ್ಲ ನಿಂಗೆ. ಒಬ್ಳೇ ಇರ್ತೀಯಾ, ಪುಟ್ಟಿ?"

ಮಾಲೀಕರ ಹತ್ತಿರ ನಾನೇ ಹೋದೆ. ಅವರು ಕೂರಿಸಿ, ನೀರು ಕೊಟ್ಟು, ಬಾಡಿಗೆ ಕರಾರು ನಿಮ್ಮಣ್ಣನ ಹೆಸರಲ್ಲಿದೆ, ಅವರು ಬಿಡ್ತೀವಿ ಅಂದ ಮೇಲೆ ಮುಗಿಯಿತು, ಬೇಕಿದ್ದರೆ ಅವರೇ ಮತ್ತೆ ಹೇಳಲಿ ಎಂದರು. ಬೇರೆಯವರಿಗೆ ಮನೆ ತೋರಿಸಲು ಶುರುಮಾಡಿಯೂ ಆಗಿತ್ತು. ಅಂದರೆ ನಾನು ಆ ಮನೆಯಲ್ಲಿ ಉಳಿಯಬೇಕಾದರೆ ಅಣ್ಣನ ಬಾಯಿಂದಲೇ ಮಾತು ಬರಬೇಕು. ವಾದ ಮಾಡಿ ಅಣ್ಣನನ್ನು ಗೆದ್ದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಸರಿ, ಅವನೆದುರು ಮೀನೇ ತಿಂದು ತೋರಿಸೋಣ ಎಂದುಕೊಂಡೆ.

ಮೀನು ಮಾರುಕಟ್ಟೆ ಲ್ಯಾಬಿನ ಹಿಂದಿನ ಬೀದಿಯಲ್ಲೇ ಇತ್ತು. ಇಷ್ಟು ವರ್ಷ ಮೂಗು ಮುಚ್ಚಿಕೊಂಡು ಅದರ ಮುಂದೆ ಓಡಾಡಿದವಳು ಅಂದು ಸೀರೆ ಎತ್ತಿ ಕಟ್ಟಿಕೊಂಡು ಒಳಗೆ ಹೋದೆ. ನೆಲವೆಲ್ಲ ನೀರು. ಕಲ್ಲು ಕಟ್ಟೆಗಳ ಮೇಲೆ ಪುಡಿ ಮಾಡಿದ ಐಸು, ಅದರ ಮೇಲೆ ಮೀನು, ಅದರ ಹಿಂದೆ ಕೂಗುವ ಹೆಂಗಸರು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಬೇಕು ಎಂದು ಲ್ಯಾಬಿನಲ್ಲಿ ಯಾರೋ ಮಾತಾಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಎತ್ತಿ ಏನನ್ನು ನೋಡಬೇಕು ಎಂಬುದು ಬಿದ್ದಿರಲಿಲ್ಲ. ಕೇಳಿದರೆ ಗೊತ್ತಿಲ್ಲದವಳು ಎಂದು ಗೊತ್ತಾಗಿಬಿಡುತ್ತದಲ್ಲ, ಅದಕ್ಕೆ ತುಂಬ ಗೊತ್ತಿರುವವಳ ಹಾಗೆ ಮುಖ ಮಾಡಿಕೊಂಡು ಒಂದು ಕಟ್ಟೆಯ ಮುಂದೆ ನಿಂತು ಬಂಗುಡೆಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಕೈ ರೂಢಿಯ ಮೇಲೆ ಮೊದಲು ಬಾಯಿ ತೆರೆದು ಹಲ್ಲು ನೋಡಿತು. ಆಮೇಲೆ ಕಿವಿರು. ಕೆಲವಕ್ಕೆ ರಕ್ತದಂಥ ಕೆಂಪು, ಕೆಲವಕ್ಕೆ ಮಾಸಿದ ಗುಲಾಬಿ.

ನಮ್ಮ ಕೆಲಸದಲ್ಲಿ ಕೆಂಪು ಒಸಡು ಎಂದರೆ ರೋಗ. ಊತ, ಕೀವು, ಅಚ್ಚು ತೆಗೆಯುವ ಹಾಗಿಲ್ಲ. ತಿಳಿ ಗುಲಾಬಿ ಎಂದರೆ ಆರೋಗ್ಯ. ದಿನವಿಡೀ ನಾನು ಕಲೆಸುವ ಬಣ್ಣವೇ ಅದು. ಹಾಗಾಗಿ ಕೆಂಪಿನವನ್ನೆಲ್ಲ ಮೂಗು ಮುರಿದು ಪಕ್ಕಕ್ಕೆ ತಳ್ಳಿ, ಗುಲಾಬಿಯವನ್ನು ಆರಿಸಿ ಆರಿಸಿ ಕೊಟ್ಟೆ. ಮಾರುವವಳು ನನ್ನನ್ನೇ ನೋಡುತ್ತಿದ್ದಳು. ಆರಿಸಿದ್ದನ್ನೇ ಕಟ್ಟಿಕೊಟ್ಟಳು.

ಅಂದು ಸಂಜೆ ಬಾಣಲೆ ಬಿಸಿಯಾಗುತ್ತಲೇ ಎದ್ದ ವಾಸನೆಗೆ ಕಿಟಕಿ ಬಾಗಿಲೆಲ್ಲ ತೆಗೆದೆ. ಆದರೂ ಹಟಕ್ಕೆ ಬಿದ್ದು ಒಂದು ಚೂರು ಬಾಯಿಗಿಟ್ಟೆ. ಬಾಯಲ್ಲಿ ಇಟ್ಟುಕೊಳ್ಳಲೂ ಆಗದೆ ಬಚ್ಚಲಿಗೆ ಓಡಿದೆ.

ಮಾರನೆಯ ದಿನ ಊಟದ ಬಿಡುವಿನಲ್ಲಿ ನೇರ ಅವಳ ಕಟ್ಟೆಗೇ ಹೋದೆ. ಕೊಳೆತ ಮೀನು ಕೊಟ್ಟಿದ್ದೀಯ ಎಂದೆ. ಅವಳಿಗೆ ಎಳ್ಳಷ್ಟೂ ಅಳುಕಿಲ್ಲ.

"ಆರಿಸಿದ್ದು ನೀನು. ಒಳ್ಳೇದನ್ನೆಲ್ಲ ಆ ಕಡೆ ತಳ್ಳಿದ್ದೂ ನೀನು. ಬೇಡ ಅನ್ನೋಕೆ ನಾನ್ಯಾರು?"

ಗೊತ್ತಿಲ್ಲದವಳು ಎಂದು ಕಂಡಿರಲಿಲ್ಲವೇ ಎಂದು ಕೇಳಿದೆ. ಬಾಯಿ ತೆರೆದು ಹಲ್ಲು ನೋಡುತ್ತಿದ್ದೆಯಲ್ಲ, ಎಲ್ಲೋ ಮೀನಿನ ಡಾಕ್ಟರೇ ಇರಬೇಕು ಅಂದುಕೊಂಡೆ ಎಂದಳು. ಪಕ್ಕದ ಕಟ್ಟೆಯವರೆಲ್ಲ ನಕ್ಕರು. ನನಗೆ ನಾಚಿಕೆಯಾಯಿತು, ಆದರೆ ಕಾಲು ಕೀಳಲಿಲ್ಲ. ಅವಳ ಕಟ್ಟೆಯ ಪಕ್ಕದಲ್ಲೇ ನಿಂತು, ಬಂದ ಗಿರಾಕಿಗಳಿಗೆಲ್ಲ "ಒತ್ತಿ ನೋಡಿ ತಗೊಳ್ಳಿ, ಮೂಸಿ ನೋಡಿ ತಗೊಳ್ಳಿ, ನಿನ್ನೆ ನಂಗೆ ಕೊಳೆತದ್ದು ಕೊಟ್ಟಿದಾಳೆ" ಎಂದು ಹೇಳತೊಡಗಿದೆ. ಒಬ್ಬರು ಹೋದರು, ಇನ್ನೊಬ್ಬರು ಹೋದರು. ಮೂರನೆಯವರು ಹೋಗುವಷ್ಟರಲ್ಲಿ ಅವಳು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು, ಇದೇನು ಪೀಡೆ ಗಂಟುಬಿತ್ತು ಎಂದು ಬೈಯುತ್ತಲೇ ಎರಡು ಮೀನು ಎದುರಿಗಿಟ್ಟಳು. ಕಿವಿರು ಕೆಂಪಗಿರಬೇಕು. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಒತ್ತಿದರೆ ಬೆರಳಿನ ಗುಳಿ ಉಳಿಯಬಾರದು. ಇಷ್ಟು ಹೇಳಿ, ಗುಲಾಬಿಯನ್ನೇ ಯಾಕೆ ಹುಡುಕಿದೆ ಎಂದು ಕೇಳಿದಳು. ಒಸಡಿನ ವಿಷಯ ಹೇಳಿದೆ. ಅವಳು ಐಸಿನ ಮೇಲೆ ಕೈಯೂರಿ ನಕ್ಕಳು. ನಗುವಾಗ ಮೇಲಿನ ಸಾಲು ಹಲ್ಲು ಒಂದು ಸಲ ಕೆಳಗಿಳಿದು ಮೇಲೆ ಹೋಯಿತು.

ಕಟ್ಟಿಸಿದ ಹಲ್ಲು ಎಂದು ಗೊತ್ತಾಯಿತು. ನನ್ನ ಸರದಿ ಬಂದಿತ್ತು. ನಿನ್ನ ಸೆಟ್ಟು ಸಡಿಲ, ಯಾರೋ ಬೇಕಾಬಿಟ್ಟಿ ಮಾಡಿದ್ದಾರೆ, ಅದನ್ನು ಕೊಳ್ಳುವಾಗ ನೀನೂ ಒತ್ತಿ ನೋಡಲಿಲ್ಲ ಎಂದೆ. ಅವಳ ನಗು ನಿಂತಿತು. ಅಂದಿನಿಂದ ನನ್ನನ್ನು ಹಲ್ಲಕ್ಕ ಎಂದು ಕರೆಯತೊಡಗಿದಳು.

ತಾಜಾ ಮೀನು ಕೊಳ್ಳುವುದು ಬಂತು. ತಿನ್ನುವುದು ಬರಲಿಲ್ಲ. ಹುರಿದ ಬಂಗುಡೆಯನ್ನು ಮೇಜಿನ ಮೇಲಿಟ್ಟು, ಲ್ಯಾಬಿನಿಂದ ತಂದ ಭೂತಗನ್ನಡಿ ಕಣ್ಣಿಗೇರಿಸಿ, ಚಿಮಟದಿಂದ ಒಂದೊಂದೇ ಮುಳ್ಳು ಕಿತ್ತೆ. ಒಂದೂ ಉಳಿಯಬಾರದು ಎಂದು ಹಲ್ಲು ಕಚ್ಚಿ ಕೂತೆ. ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿ ಮೀನು ಇರಲಿಲ್ಲ, ತಣ್ಣಗಾದ ಹಿಟ್ಟು ಇತ್ತು. ತಿಂದೆ. ಡಬ್ಬಿಯ ಮೀನಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ. ಅಮ್ಮ ಮಾಡುತ್ತಿದ್ದ ಕೆಲಸವನ್ನು ನಾನೇ ನನಗೆ ಮಾಡಿಕೊಂಡು ಕೂತಿದ್ದೆ ಎಂದು ತಟ್ಟೆ ತೊಳೆಯುವಾಗ ಹೊಳೆಯಿತು. ನನ್ನ ಮೇಲೇ ಕೋಪ ಬಂತು.

ಮತ್ತೆ ಮಾರುಕಟ್ಟೆಗೆ ಹೋದಾಗ ವ್ಯಾಪಾರ ಮುಗಿಯುತ್ತ ಬಂದಿತ್ತು. ಅವಳು ಕಟ್ಟೆಯ ಹಿಂದೆ ಕಾಲು ಚಾಚಿ ಕೂತು ಊಟದ ಡಬ್ಬಿ ಬಿಚ್ಚಿದ್ದಳು. ಊಟಕ್ಕೆ ಮುಂಚೆ ಬಾಯಿಗೆ ಕೈ ಹಾಕಿ ಮೇಲಿನ ಸೆಟ್ಟನ್ನು ತೆಗೆದು, ನೀರಿನ ಲೋಟದಲ್ಲಿ ಹಾಕಿದಳು. ನನಗೆ ಅವಮಾನವಾದ ಹಾಗಾಯಿತು. ಹಲ್ಲು ಕಟ್ಟುವುದು ಊಟ ಮಾಡಲಿ ಎಂದು, ಊಟಕ್ಕೆ ತೆಗೆದಿಡಲಿ ಎಂದಲ್ಲ. ಸಡಿಲ ಅಂತಲೇ ತಾನೇ ತೆಗೆದದ್ದು, ಲ್ಯಾಬಿಗೆ ಬಾ, ಸರಿ ಮಾಡಿಕೊಡುತ್ತೇನೆ ಎಂದೆ. ಅವಳು ಬೊಚ್ಚು ಬಾಯಲ್ಲೇ ತಲೆಯಾಡಿಸಿದಳು.

"ಸಡಿಲಕ್ಕಲ್ಲ ಹಲ್ಲಕ್ಕ. ಇದು ಅಂಗುಳ ಮುಚ್ಚಿಬಿಡುತ್ತೆ. ಅಂಗುಳ ಮುಚ್ಚಿದ್ರೆ ಮುಳ್ಳು ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು?"

ನಾನು ಅಲ್ಲೇ ಕೂತೆ. ಅವಳು ಒಂದು ಚೂರು ಮೀನು ಬಾಯಿಗಿಟ್ಟು, ಅಗಿಯದೆ, ನಾಲಿಗೆಯಿಂದ ಅಂಗುಳಕ್ಕೆ ಮೆಲ್ಲಗೆ ಒತ್ತಿದಳು. ಒಂದು ಗಳಿಗೆ ಬಿಟ್ಟು ತುಟಿಯ ಮೂಲೆಯಲ್ಲಿ ಮುಳ್ಳಿನ ತುದಿ ತಾನಾಗಿ ಹೊರಬಂತು. ಎರಡು ಬೆರಳಿನಿಂದ ತೆಗೆದು ಪಕ್ಕಕ್ಕಿಟ್ಟು ಮಾತು ಮುಂದುವರಿಸಿದಳು. ಕಣ್ಣು ಮೀನಿನ ಮೇಲೆ ಇರಲೇ ಇಲ್ಲ, ಬೀದಿಯ ಮೇಲಿತ್ತು. ನನಗೂ ಒಂದು ಚೂರು ಕೊಟ್ಟಳು. ಹೆದರಿಕೆಯಾಯಿತು, ಸುಳ್ಳು ಹೇಳಲಾರೆ. ಬಾಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಹಾಗೇ ಇದ್ದೆ. ಆಮೇಲೆ ಒತ್ತಿದೆ. ಮೀನು ಎಸಳು ಎಸಳಾಗಿ ಬಿಟ್ಟುಕೊಂಡಿತು, ನಡುವೆ ಕೂದಲಿನಷ್ಟು ಸಣ್ಣ ಮುಳ್ಳೊಂದು ಅಂಗುಳಕ್ಕೆ ತಾಗಿತು. ಅದನ್ನು ನಾಲಿಗೆ ತಾನೇ ಮುಂದಕ್ಕೆ ತಳ್ಳಿತು. ಯಾರೂ ಹೇಳಿಕೊಡದೆ ನನ್ನ ನಾಲಿಗೆಗೆ ಈ ವಿದ್ಯೆ ಗೊತ್ತಿತ್ತು. ಮೀನಿಗೆ ಸಮುದ್ರದ ರುಚಿ ಇತ್ತು, ಸ್ವಲ್ಪ ಸಿಹಿಯೂ ಇತ್ತು. ಇಷ್ಟು ವರ್ಷ ಇದನ್ನು ನನ್ನಿಂದ ಮುಚ್ಚಿಟ್ಟಿದ್ದರಲ್ಲ ಎಂದು ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು. ಅವಳು ಖಾರ ಜಾಸ್ತಿಯಾಯಿತಾ ಎಂದು ಕೇಳಿದಳು.

ಆಮೇಲೆ ದಿನ ಬಿಟ್ಟು ದಿನ ಮೀನು ತಂದೆ. ದೊಡ್ಡ ಮುಳ್ಳಿನದು, ಸಣ್ಣ ಮುಳ್ಳಿನದು, ಕವಲು ಮುಳ್ಳಿನದು. ಒಂದೆರಡು ಸಲ ಚುಚ್ಚಿತು, ಕೆಮ್ಮಿದೆ, ಬಂತು. ಅವಳ ಸೆಟ್ಟನ್ನು ಲ್ಯಾಬಿನಲ್ಲಿ ಬಿಗಿ ಮಾಡಿಕೊಟ್ಟೆ. ಆದರೆ ಮೀನು ತಿನ್ನುವಾಗ ಈಗಲೂ ತೆಗೆದೇ ಇಡುತ್ತಾಳಂತೆ. ಇಡಲಿ.

ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಅಣ್ಣ ಮಡಚಿದ ರಟ್ಟಿನ ಪೆಟ್ಟಿಗೆಗಳ ಕಟ್ಟು ಹೊತ್ತು ಬಂದ. ಹಿಂದೆ ಅತ್ತಿಗೆ, ಕೈಯಲ್ಲಿ ಅಂಟು ಪಟ್ಟಿಯ ಸುರುಳಿಗಳು. ಬರುವುದಿಲ್ಲ ಎಂದು ನಾನು ಫೋನಿನಲ್ಲಿ ಹೇಳಿದ್ದನ್ನು ಅವನು ಮಳೆ ಬರಬಹುದು ಎಂಬ ಸುದ್ದಿಯಂತೆ ಕೇಳಿ ಬಿಟ್ಟಿದ್ದ. ಒಳಗೆ ಕಾಲಿಟ್ಟವನೇ ಮೂಗು ಅರಳಿಸಿ, ಏನಿದು ವಾಸನೆ ಎಂದ. ಮೊದಲು ಊಟ, ಆಮೇಲೆ ಪೆಟ್ಟಿಗೆ ಎಂದು ಕೂರಿಸಿದೆ. ಬೆಳಿಗ್ಗೆಯೇ ಹೋಗಿ ಕಿವಿರು ನೋಡಿ ತಂದ ಬಂಗುಡೆ, ಉಪ್ಪು ಮೆಣಸು ಹಚ್ಚಿ ಹುರಿದದ್ದು, ತಲೆ ಬಾಲ ಸಮೇತ ಮೂರೂ ತಟ್ಟೆಗೆ ಹಾಕಿದೆ.

ಅತ್ತಿಗೆ ಅಣ್ಣನ ಮುಖ ನೋಡಿದರು. ಅಣ್ಣ ತನ್ನ ತಟ್ಟೆ ಮುಟ್ಟದೆ, ಕೈ ಚಾಚಿ ನನ್ನ ತಟ್ಟೆಯ ಮೀನಿನ ಬೆನ್ನು ಬಿಡಿಸಿ ಮುಳ್ಳು ಹುಡುಕತೊಡಗಿದ. ಅಮ್ಮ ಹಿಸುಕುತ್ತಿದ್ದ ಹಾಗೇ, ಎರಡು ಬೆರಳಿನ ನಡುವೆ. ನಾನು ಅವನ ಮಣಿಕಟ್ಟು ಹಿಡಿದು ಎತ್ತಿ ಅವನ ತಟ್ಟೆಯ ಮೇಲೆ ಇಟ್ಟೆ.

"ನಿನ್ನ ಊಟ ಅಲ್ಲಿದೆ ಅಣ್ಣ."

ತಿನ್ನಲು ಶುರುಮಾಡಿದೆ. ಮೊದಲ ತುತ್ತು, ಒಂದು ಮುಳ್ಳು, ತಟ್ಟೆಯ ಅಂಚಿಗೆ. ಎರಡನೆಯ ತುತ್ತು, ಎರಡು ಮುಳ್ಳು. ಅವರಿಬ್ಬರೂ ತಮ್ಮ ಊಟ ಮರೆತು ನನ್ನ ಬಾಯನ್ನೇ ನೋಡುತ್ತಿದ್ದರು. ನೋಡಲಿ ಎಂದು ನನಗೂ ಸ್ವಲ್ಪ ಜಂಬ ಬಂತು. ಲ್ಯಾಬಿನ ಸುದ್ದಿ ಹೇಳುತ್ತ, ದೊಡ್ಡ ತುತ್ತೊಂದನ್ನು ಬಾಯಿಗೆ ಹಾಕಿ, ಮಾತಿನ ನಡುವೆ ನುಂಗಿಬಿಟ್ಟೆ.

ಮುಳ್ಳು ನಾಲಿಗೆಯ ಬುಡದಲ್ಲಿ ಚುಚ್ಚಿ ನಿಂತಿತು. ಕೆಮ್ಮಿದೆ, ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಕುರ್ಚಿ ಬಿದ್ದ ಸದ್ದು ಕೇಳಿತು, ಅತ್ತಿಗೆ ನೀರಿಗೆ ಓಡಿದರು, ಅಣ್ಣ ನನ್ನ ಬೆನ್ನ ಹಿಂದೆ ನಿಂತು ಕೈ ಎತ್ತಿದ್ದ. ನಾನು ಎಡಗೈ ಎತ್ತಿ ಅವನನ್ನು ತಡೆದೆ. ಮುಟ್ಟಬೇಡ ಎಂದು ಹೇಳಲು ಮಾತು ಹೊರಡಲಿಲ್ಲ, ಕೈಯೇ ಹೇಳಿತು. ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಉಸಿರಿದ್ದ ಮೇಲೆ ಹೆದರುವುದೇನಿದೆ? ತಲೆ ಮುಂದಕ್ಕೆ ಬಗ್ಗಿಸಿ, ಹೊಟ್ಟೆಯಿಂದ ಜೋರಾಗಿ ಎರಡು ಸಲ ಕೆಮ್ಮಿದೆ. ಮುಳ್ಳು ಸಡಿಲವಾಗಿ ನಾಲಿಗೆಯ ಮೇಲೆ ಬಂತು. ಬೆರಳಿನಿಂದ ತೆಗೆದು, ಉಳಿದ ಮುಳ್ಳುಗಳ ಪಕ್ಕದಲ್ಲಿ ಇಟ್ಟೆ.

ಅಣ್ಣನ ಕೈ ಇನ್ನೂ ಮೇಲೆಯೇ ಇತ್ತು. ಮುಖದಲ್ಲಿ ರಕ್ತವಿರಲಿಲ್ಲ. ಅವನು ಇನ್ನು "ನಾನು ಹೇಳಲಿಲ್ವಾ" ಎನ್ನುತ್ತಾನೆ ಎಂದು ಕಾದೆ. ಅನ್ನಲಿಲ್ಲ.

"ನೀಲಿ ಆಗಿದ್ದೆ ನೀನು," ಎಂದ. "ತುಟಿ ಎಲ್ಲ ನೀಲಿ. ಅಮ್ಮ ಕಿರುಚ್ತಾ ಇದ್ಲು. ನಾನು ಅಲ್ಲೇ ನಿಂತಿದ್ದೆ ಪುಟ್ಟಿ, ಬಾಗಿಲ ಹತ್ರ. ನಾನು ನೋಡಿದೀನಿ."

ಆ ಕಥೆಯನ್ನು ಅಮ್ಮ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೆ. ಅದರಲ್ಲಿ ಬಾಗಿಲ ಹತ್ತಿರ ಒಬ್ಬ ಹುಡುಗ ನಿಂತಿದ್ದ ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ. ಹೆದರಿಕೆ ಇವನದು. ಇವನದನ್ನೂ ಅಮ್ಮನದನ್ನೂ ಸೇರಿಸಿ ಇಷ್ಟು ವರ್ಷ ನನ್ನ ತಲೆಗೆ ಕಟ್ಟಿದ್ದರು. ಅವನನ್ನು ನೋಡಿ ಅಯ್ಯೋ ಅನ್ನಿಸಿತು, ನಿಜ. ಅಯ್ಯೋ ಅನ್ನಿಸಿತೆಂದು ಅವನ ಮಹಡಿಯ ಕೋಣೆಗೆ ಹೋಗಿ ಕೂರಲು ನಾನು ತಯಾರಿರಲಿಲ್ಲ.

"ಅವತ್ತು ಅದನ್ನ ನೋಡಿದೀಯ. ಇವತ್ತು ಇದನ್ನೂ ನೋಡು. ಕೂತ್ಕೋ."

ಕುರ್ಚಿ ಎತ್ತಿಟ್ಟು ಕೂತ. ನಾನು ಇನ್ನೊಂದು ತುತ್ತು ತೆಗೆದುಕೊಂಡೆ, ಈ ಸಲ ಸಣ್ಣದು. ಬಾಯಿ ಮುಚ್ಚಿ, ನಾಲಿಗೆ ಒತ್ತಿ, ಮುಳ್ಳು ತೆಗೆದು ಅಂಚಿಗಿಟ್ಟು, ನುಂಗಿದೆ. ಮತ್ತೊಂದು. ಮತ್ತೊಂದು. ಒಂದು ಬದಿ ಮುಗಿದಾಗ ನಡುಮುಳ್ಳನ್ನು ತಲೆಯ ಸಮೇತ ಎತ್ತಿ ಪಕ್ಕಕ್ಕಿಟ್ಟು, ಇನ್ನೊಂದು ಬದಿ ತಿಂದೆ. ಕೊನೆಗೆ ಅತ್ತಿಗೆ ತಂದ ನೀರನ್ನು ತಾವೇ ಕುಡಿದು, ಮೀನು ಚೆನ್ನಾಗಿದೆ ಎಂದು ಒಂದು ಚೂರು ಬಾಯಿಗಿಟ್ಟರು. ಅಣ್ಣನೂ ತಿನ್ನತೊಡಗಿದ. ಮನೆಯಲ್ಲಿ ನನ್ನ ಮುಂದೆ ಮುಳ್ಳಿನ ಮೀನು ತಿಂದು ಅವನಿಗೂ ಎಷ್ಟು ಕಾಲವಾಗಿತ್ತೋ. ಅವನಿಗೆ ನನ್ನಷ್ಟು ಸರಾಗವಾಗಿ ಬರುತ್ತಿರಲಿಲ್ಲ.

ಅವನು ಎರಡನೆಯ ಮೀನಿಗೆ ಕೈ ಹಾಕಿದಾಗ ಹೇಳಿದೆ, ಮಾಲೀಕರಿಗೆ ಈಗಲೇ ಫೋನ್ ಮಾಡು ಎಂದು. ಕೈ ತೊಳೆದುಕೊಂಡು ಬರುತ್ತೇನೆ ಎಂದು ಏಳಲು ಹೋದ. ಬಚ್ಚಲಿಗೆ ಹೋದ ಅಣ್ಣ ಬೇರೆಯವನಾಗಿ ಹೊರಬರುತ್ತಾನೆ ಎಂದು ನನಗೆ ಗೊತ್ತು. ಕೂತೇ ಇರು, ಊಟ ಇನ್ನೂ ಇದೆ ಎಂದು, ಅವನ ಅಂಗಿಯ ಜೇಬಿನಿಂದ ಎಡಗೈಯಲ್ಲಿ ಫೋನ್ ತೆಗೆದು, ನಂಬರ್ ಒತ್ತಿ, ಅವನ ಕಿವಿಗೆ ಹಿಡಿದೆ. ಅವನು ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದರು.

ಆ ಕಡೆಯಿಂದ ಹಲೋ ಎಂದು ಕೇಳಿತು. ಅಣ್ಣ ಗಂಟಲು ಸರಿಮಾಡಿಕೊಂಡು, ಮನೆ ಖಾಲಿ ಮಾಡುತ್ತಿಲ್ಲ, ಬೇರೆಯವರಿಗೆ ತೋರಿಸಬೇಡಿ ಎಂದ. ಆಮೇಲೆ ಮುಖ ತಿರುಗಿಸಿ ಮೆಲ್ಲಗೆ, ಯಾಕೆ ಅಂತ ಕೇಳ್ತಿದಾರೆ ಎಂದ. ಅವನ ಕಣ್ಣು ಅತ್ತಿತ್ತ ಓಡುತ್ತಿತ್ತು. ಮಹಡಿ ಕೋಣೆಯ ರಿಪೇರಿ ಮುಗಿದಿಲ್ಲ, ಅತ್ತಿಗೆಗೆ ಮೈ ಸರಿಯಿಲ್ಲ, ಇನ್ನೆರಡು ತಿಂಗಳು ನೋಡೋಣ, ಹೀಗೆ ಏನನ್ನೋ ಹುಡುಕುತ್ತಿದ್ದಾನೆ ಎಂದು ಕಂಡಿತು.

"ಬೇರೆ ಏನೂ ಹೇಳ್ಬೇಡ," ಎಂದೆ. "ನಾನು ಬರಲ್ಲ ಅಂದೆ. ಅಷ್ಟೇ ಹೇಳು."

ನನ್ನ ಕೈ ಸೋಲುತ್ತಿತ್ತು, ಆದರೂ ಫೋನನ್ನು ಅವನ ಕಿವಿಯಿಂದ ತೆಗೆಯಲಿಲ್ಲ.

"ನನ್ನ ತಂಗಿ ಬರಲ್ಲ ಅಂದ್ಲು," ಎಂದ.

ಮಾಲೀಕರಿಗೆ ಸರಿಯಾಗಿ ಕೇಳಿಸಲಿಲ್ಲವೋ, ಕೇಳಿಸಿದರೂ ನಂಬಿಕೆ ಬರಲಿಲ್ಲವೋ, ಮತ್ತೆ ಕೇಳಿದರು. ಅಣ್ಣ ಅದನ್ನೇ ಇನ್ನೊಂದು ಸಲ, ಮೊದಲಿಗಿಂತ ಜೋರಾಗಿ ಹೇಳಿದ.